ಒಡೆಯನಿಲ್ಲದ ನಗೆ

ಲೋಕದಲ್ಲಿ ಬಿತ್ತದೆ ಬೆಳೆಯುವ ಪದಾರ್ಥಗಳು ಕೆಲವುಂಟು. ಹಳೆಯ ಗೋಡೆಯ ಮೇಲಣ ಅರಳಿಯ ಸಸಿ ಅಂಥದು, ಊರಿನ ಗಾಳಿಮಾತು ಅಂಥದು, ನಗೆಮಾತೂ ಅಂಥದೇ. ಅರಳಿಯ ಬೀಜವನ್ನು ಗೋಡೆಯ ಮೇಲಕ್ಕೆ ತಂದ ಹಕ್ಕಿ ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ಸಸಿ ಬಲಿತು, ಬೇರಿಳಿಸಿ, ಗೋಡೆ ಬಿರಿದಾಗ ಮನೆಯವರು 'ತಾನಾಗಿಯೇ ಹುಟ್ಟಿತು' ಎಂದು ನಿಟ್ಟುಸಿರು ಬಿಡುವರು. ಅಂತರ್ಜಾಲದ ಮೂಲಕ ಈಗ ಜಗತ್ತನ್ನೆಲ್ಲ ವ್ಯಾಪಿಸುತ್ತಿರುವ ಹಾಸ್ಯವನ್ನು ಕುರಿತು ನಾವು ಆಡುವ ಮಾತೂ ಇದೇ. ಬೆಳಗ್ಗೆ ಯಾರೋ ಒಬ್ಬರು ಒಂದು ಚಿತ್ರದ ಕೆಳಗೆ ಒಂದು ಸಾಲು ಬರೆಯುತ್ತಾರೆ. ಸಂಜೆಯ ಹೊತ್ತಿಗೆ ಅದು ನೂರಾರು ರೂಪಗಳನ್ನು ತಾಳಿ ಲಕ್ಷಾಂತರ ಮನೆಗಳನ್ನು ಹೊಕ್ಕಿರುತ್ತದೆ. ಬರೆದವರು ಯಾರೆಂದರೆ ತಿಳಿಯದು. ಹಬ್ಬಿಸಿದವರು ಯಾರೆಂದರೆ ಎಲ್ಲರೂ. ಆದಕಾರಣ ಯಾರೂ ಇಲ್ಲ. 'ತಾನಾಗಿಯೇ ಹಬ್ಬಿತು' ಎಂದು ಹೇಳಿ ಸುಮ್ಮನಾಗುತ್ತೇವೆ.

ಈ 'ತಾನಾಗಿ' ಎಂಬ ಮಾತು ಎಷ್ಟರ ಮಟ್ಟಿಗೆ ನಿಜ? ಇಂಥ ನಗೆಯಿಂದ ಯಾರಿಗಾದರೂ ಸಂತೋಷವಾದರೆ ಆ ಪುಣ್ಯ ಯಾರ ಪಾಲಿನದು? ನೋವಾದರೆ ಆ ಪಾಪವನ್ನು ಹೊರತಕ್ಕವರು ಯಾರು? ಮೇಲುನೋಟಕ್ಕೆ ಇದು ಹುಡುಗಾಟದ ವಿಷಯವೆಂದು ತೋರಬಹುದು. ಆದರೆ ಮನೆಮನೆಯಲ್ಲಿಯೂ ಹಿರಿಯರು ಕಿರಿಯರೆನ್ನದೆ ದಿನಕ್ಕೆ ಹತ್ತಾರು ಸಲ ಮಾಡುವ ಒಂದು ಕಾರ್ಯದ ಧರ್ಮಾಧರ್ಮವನ್ನು ಒಮ್ಮೆಯಾದರೂ ವಿಚಾರಮಾಡುವುದು ಅನುಚಿತವಾಗಲಾರದು.

ನಗೆ ಒಬ್ಬರಿಂದ ಒಬ್ಬರಿಗೆ ಹರಡುವುದೆಂಬುದು ಹೊಸ ಸಂಗತಿಯೇನೂ ಅಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಹಾಸ್ಯವನ್ನು ಆತ್ಮಸ್ಥವೆಂದೂ ಪರಸ್ಥವೆಂದೂ ಎರಡು ಬಗೆಯಾಗಿ ವಿಭಾಗಿಸಿದೆ; ತಾನು ನಗುವುದು ಒಂದು, ಇತರರನ್ನು ನಗಿಸುವುದು ಇನ್ನೊಂದು. ಈ ಸ್ಥಳಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತಾಚಾರ್ಯರು ಒಂದು ಸೊಗಸಾದ ಉಪಮಾನವನ್ನು ಕೊಟ್ಟಿದ್ದಾರೆ. ಒಬ್ಬನು ಹುಳಿಯಾದ ದಾಳಿಂಬೆಯನ್ನು ತಿನ್ನುತ್ತಿರುವುದನ್ನು ಕಂಡಮಾತ್ರಕ್ಕೆ ನೋಡುವವನ ಬಾಯಲ್ಲಿ ನೀರೂರುವುದಷ್ಟೆ. ಹಾಸವೂ ಹಾಗೆಯೇ ಕಂಡವನಿಗೆ ಸಂಕ್ರಮಿಸುವ ಸ್ವಭಾವವುಳ್ಳದ್ದು ಎಂಬುದು ಅವರ ಅಭಿಪ್ರಾಯ. ಸಭೆಯೊಂದರಲ್ಲಿ ಹಿಂದಿನ ಸಾಲಿನವರು ನಕ್ಕಾಗ, ಕಾರಣ ತಿಳಿಯದಿದ್ದರೂ ಮುಂದಿನ ಸಾಲಿನವರ ಮುಖ ಅರಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹೀಗೆ ಸಾವಿರ ವರ್ಷಗಳಿಗೆ ಹಿಂದೆಯೇ ನಮ್ಮ ದೇಶದ ಪಂಡಿತರು ನಗೆಯ ಅಂಟುಗುಣವನ್ನು ಗುರುತಿಸಿದ್ದರು.

ನಗೆಮಾತಿನ ಒಡೆತನ ಅಳಿಸಿಹೋಗುವುದೂ ಹೊಸತಲ್ಲ. ಬಾಯಿಂದ ಬಾಯಿಗೆ ಬಂದ ಚಾಟುಪದ್ಯಗಳಲ್ಲಿ ಬಹುಭಾಗದ ಕರ್ತೃಗಳು ಯಾರೋ ತಿಳಿಯದು. ಆದರೆ ನಮ್ಮ ಹಿಂದಿನವರಲ್ಲಿ ಒಂದು ವಿಚಿತ್ರವಾದ ಅಭ್ಯಾಸವಿತ್ತು. ಒಡೆಯನಿಲ್ಲದ ಚಮತ್ಕಾರಕ್ಕೆ ಅವರು ಒಬ್ಬ ಒಡೆಯನನ್ನು ಹುಡುಕಿ ಕೊಡುತ್ತಿದ್ದರು. ಧಾರಾನಗರದ ಭೋಜರಾಜನು ಹನ್ನೊಂದನೆಯ ಶತಮಾನದವನು. ಕಾಳಿದಾಸನು ಅವನಿಗಿಂತ ಹಲವು ಶತಮಾನಗಳಷ್ಟು ಹಿಂದಿನವನು. ಆದರೂ ಬಲ್ಲಾಳನೆಂಬ ಕವಿಯು ತನ್ನ ಭೋಜಪ್ರಬಂಧದಲ್ಲಿ ಇಬ್ಬರನ್ನೂ ಒಂದೇ ಆಸ್ಥಾನದಲ್ಲಿ ಕುಳ್ಳಿರಿಸಿ ಸಮಸ್ಯೆಗಳನ್ನು ಪೂರಣ ಮಾಡಿಸಿದನು. ತೆನಾಲಿ ರಾಮಕೃಷ್ಣನ ಹೆಸರಿನಲ್ಲಿ ನಮ್ಮಲ್ಲಿ ಪ್ರಚಾರದಲ್ಲಿರುವ ಕಥೆಗಳನ್ನು ಎಣಿಸಿದರೆ ಒಬ್ಬ ಮನುಷ್ಯನು ಒಂದು ಜನ್ಮದಲ್ಲಿ ಮಾಡಿ ಮುಗಿಸಲಾರದಷ್ಟು ಚೇಷ್ಟೆಗಳು ಅವನ ಲೆಕ್ಕಕ್ಕೆ ಸೇರಿವೆ. ಚರಿತ್ರಕಾರನಿಗೆ ಇದು ದೋಷವಾಗಿ ಕಂಡರೂ ಇದರೊಳಗೆ ಒಂದು ಮರ್ಯಾದೆಯಿದೆ. ನಗೆಗೆ ಒಬ್ಬ ಉತ್ತರವಾದಿ ಬೇಕು, ಅದು ಅನಾಥವಾಗಿ ಅಲೆಯಬಾರದು ಎಂದು ಜನಮನವು ಬಗೆದಂತೆ ತೋರುತ್ತದೆ. ಇಂದಿನ ರೀತಿ ಇದಕ್ಕೆ ವಿಪರೀತ. ಈಗ ಒಡೆಯನಿದ್ದ ಹಾಸ್ಯವೂ ನಾಲ್ಕು ಕೈ ದಾಟುವುದರೊಳಗಾಗಿ ಅನಾಥವಾಗುತ್ತದೆ.

ಈ ಬಗೆಯ ಹಾಸ್ಯಕ್ಕೆ ಈಗ 'ಮೀಮ್' ಎಂಬ ಹೆಸರು ರೂಢಿಯಲ್ಲಿದೆ. ಆಕ್ಸ್‌ಫರ್ಡಿನ ಜೀವಶಾಸ್ತ್ರಜ್ಞರಾದ ರಿಚರ್ಡ್ ಡಾಕಿನ್ಸ್ ಅವರು 1976ರಲ್ಲಿ ಪ್ರಕಟಿಸಿದ 'ದಿ ಸೆಲ್ಫಿಶ್ ಜೀನ್' ಎಂಬ ಗ್ರಂಥದಲ್ಲಿ, ಅನುಕರಣವೆಂಬ ಅರ್ಥವುಳ್ಳ ಗ್ರೀಕ್ ಮೂಲದಿಂದ ಈ ಶಬ್ದವನ್ನು ಸೃಷ್ಟಿಸಿದರು. ತಂದೆತಾಯಿಗಳ ಲಕ್ಷಣಗಳು ಬೀಜಕಣಗಳ ಮೂಲಕ ಮಕ್ಕಳಿಗೆ ಇಳಿಯುವಂತೆ, ರಾಗಗಳು, ಮಾತಿನ ಪಲ್ಲವಿಗಳು, ಉಡಿಗೆಯ ಚೆಲುವು, ಮಡಕೆ ಮಾಡುವ ರೀತಿ ಮುಂತಾದವು ಮನಸ್ಸಿನಿಂದ ಮನಸ್ಸಿಗೆ ನಕಲಾಗುತ್ತ ಹೋಗುತ್ತವೆ. ನಕಲಾಗುವ ಶಕ್ತಿ ಯಾವುದಕ್ಕೆ ಹೆಚ್ಚೋ ಅದು ಉಳಿಯುತ್ತದೆ, ಉಳಿದದ್ದು ಅಳಿಯುತ್ತದೆ ಎಂಬುದು ಅವರ ತತ್ತ್ವ. ಅಂತರ್ಜಾಲದ ನಗೆಗೆ ಈ ಹೆಸರು ಅಂಟಿಕೊಂಡ ಮೇಲೆ, ನಗೆಯು ಜ್ವರದಂತೆ ತನ್ನಷ್ಟಕ್ಕೆ ತಾನು ಹಬ್ಬುವ ಪ್ರಾಣಿಯೆಂಬ ಭಾವನೆ ಜನರಲ್ಲಿ ಬಲವಾಯಿತು.

ಇದು ಬೆಳೆಯುವ ಬಗೆಯನ್ನು ನಮ್ಮ ನಾಡಿನದೇ ಒಂದು ಉದಾಹರಣೆಯಿಂದ ನೋಡಬಹುದು. 2016ರಲ್ಲಿ ತೆರೆಕಂಡ 'ಜಾಗ್ವಾರ್' ಚಲನಚಿತ್ರದ ಸಮಾರಂಭವೊಂದರಲ್ಲಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು ವೇದಿಕೆಯ ಮೇಲಿಂದ, ಆ ಚಿತ್ರದ ನಾಯಕರೂ ತಮ್ಮ ಪುತ್ರರೂ ಆದ ನಿಖಿಲ್ ಅವರನ್ನು 'ಎಲ್ಲಿದ್ದೀಯಪ್ಪಾ' ಎಂದು ಕೂಗಿ ಕರೆದರು. ಮಗನು ಜನರ ನಡುವಿನಿಂದ ಉತ್ತರ ಕೊಟ್ಟರು. ಆ ಕರೆಯಲ್ಲಿ ಹಾಸ್ಯವೇನೂ ಇರಲಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ತಂದೆ ಮುಖ್ಯಮಂತ್ರಿಯಾಗಿಯೂ ಮಗನು ಮಂಡ್ಯದ ಅಭ್ಯರ್ಥಿಯಾಗಿಯೂ ಇದ್ದಾಗ ಆ ಹಳೆಯ ತುಣುಕು ಯಾರ ಕೈಯಿಂದಲೋ ಮತ್ತೆ ಹೊರಬಿತ್ತು. ಕೆಲವು ದಿನಗಳಲ್ಲಿಯೇ ಕನ್ನಡ ಬಲ್ಲವರ ನಾಲಗೆಯ ಮೇಲೆಲ್ಲ ಅದು ನಲಿದಾಡಿತು. ಕಾಣದಿರುವ ಯಾವುದನ್ನಾದರೂ ಕರೆಯುವುದಕ್ಕೆ ಆ ಮಾತು ಒದಗಿತು. ಏಕೆ? ಮಾತು ಚಿಕ್ಕದು, ಎಲ್ಲರೂ ಬಲ್ಲದ್ದು, ಎಲ್ಲಕ್ಕಿಂತ ಹೆಚ್ಚಾಗಿ, ಅದರಲ್ಲಿ ಒಂದು ತೆರಪಿದೆ. ಹೆಸರಿನ ಜಾಗದಲ್ಲಿ ಯಾವ ಹೆಸರನ್ನಿಟ್ಟರೂ ಹೊಸ ನಗೆ ಹುಟ್ಟುತ್ತದೆ. ಆಲೆಮನೆಯಲ್ಲಿ ಒಂದೇ ಅಚ್ಚಿಗೆ ಎಷ್ಟು ಸಲವಾದರೂ ಪಾಕವನ್ನು ಹೊಯ್ಯಬಹುದಷ್ಟೆ. ಅಂತರ್ಜಾಲದ ಹಾಸ್ಯವೆಂಬುದು ಬಹುತರವಾಗಿ ಇಂಥ ಅಚ್ಚು. ಪಾಕವನ್ನು ತರುವವರು ನಾವು.

ಇಲ್ಲಿಯೇ ನಮ್ಮ ಪ್ರಶ್ನೆಗೆ ಮೊದಲನೆಯ ಉತ್ತರ ದೊರೆಯುತ್ತದೆ. ಅಚ್ಚು ತಾನಾಗಿ ಬೆಲ್ಲವನ್ನು ಮಾಡದು. ಮೀಮ್ ಎಂಬ ಶಬ್ದವನ್ನು ಸೃಷ್ಟಿಸಿದ ಡಾಕಿನ್ಸ್ ಅವರೇ 2013ರಲ್ಲಿ ಈ ವ್ಯತ್ಯಾಸವನ್ನು ಎತ್ತಿ ಹೇಳಿದರು. ತಾವು ಹೇಳಿದ ಅನುಕರಣದಲ್ಲಿ ಬದಲಾವಣೆಗಳು ಆಕಸ್ಮಿಕವಾಗಿ ಆಗುವುವು. ಅಂತರ್ಜಾಲದ ಮೀಮಿನಲ್ಲಾದರೋ ಮನುಷ್ಯರು ಬುದ್ಧಿಪೂರ್ವಕವಾಗಿ, ತಮ್ಮ ಕಲ್ಪನೆಯ ಬಲದಿಂದ ಅದನ್ನು ಬದಲಿಸುತ್ತಾರೆ ಎಂಬುದು ಅವರ ಮಾತಿನ ತಾತ್ಪರ್ಯ. ಜ್ವರ ತಗುಲಿದವನು ಅದನ್ನು ಹರಡಬೇಕೆಂದು ನಿಶ್ಚಯಿಸಿ ಹರಡುವುದಿಲ್ಲ. ನಗೆಚಿತ್ರವನ್ನು ಕಳುಹಿಸುವವನು ಪ್ರತಿಯೊಂದು ಸಲವೂ 'ಇದು ತೋರಿಸತಕ್ಕದ್ದು' ಎಂದು, ಅರೆಕ್ಷಣದ ಮಟ್ಟಿಗಾದರೂ, ತೀರ್ಪು ಮಾಡಿಯೇ ಕಳುಹಿಸುತ್ತಾನೆ.

ಇದಕ್ಕೆ ಲೋಕಾನುಭವದ ಸಾಕ್ಷ್ಯವೂ ಇದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳುಸುದ್ದಿ ವಾಟ್ಸಾಪಿನ ಮೂಲಕ ಹಬ್ಬಿ, ನಮ್ಮ ಬೀದರ್ ಜಿಲ್ಲೆಯೂ ಸೇರಿ ದೇಶದ ಹಲವೆಡೆ ಜನರ ಗುಂಪು ನಿರಪರಾಧಿಗಳನ್ನು ಹೊಡೆದು ಕೊಂದಿತು. ಆ ವರ್ಷದ ಜುಲೈ ತಿಂಗಳಲ್ಲಿ ಆ ಸಂಸ್ಥೆಯವರು, ಭಾರತದಲ್ಲಿ ಯಾವ ಸಂದೇಶವನ್ನೇ ಆಗಲಿ ಒಂದು ಸಲಕ್ಕೆ ಐದು ಕಡೆಗಳಿಗಿಂತ ಹೆಚ್ಚಾಗಿ ದಾಟಿಸದಂತೆ ತಡೆ ಹಾಕಿದರು. 2020ರ ಏಪ್ರಿಲಿನಲ್ಲಿ, ಆಗಲೇ ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂದು ಗೊತ್ತುಮಾಡಿದರು. ಅಂಥ ಸಂದೇಶಗಳ ಸಂಚಾರ ಶೇಕಡ 70ರಷ್ಟು ಇಳಿಯಿತೆಂದು ಅವರೇ ಪ್ರಕಟಿಸಿದರು. ಇದು ಸುಳ್ಳುಸುದ್ದಿಯ ಮಾತಾದರೂ ನಗೆಮಾತು ನಡೆಯುವ ದಾರಿಯೂ ಇದೇ. ಕಳುಹಿಸಬೇಡಿರೆಂದು ಯಾರೂ ನಿಷೇಧಿಸಲಿಲ್ಲ. ಬೆರಳಿಗೆ ತುಸು ಶ್ರಮ ಹೆಚ್ಚಿತು, ಅಷ್ಟೆ. ಸಂದೇಶಗಳು ನಿಜವಾಗಿಯೂ ತಾವಾಗಿ ಹಬ್ಬುವಂಥವಾಗಿದ್ದರೆ ಬೆರಳಿನ ಶ್ರಮದಿಂದ ಅವುಗಳಿಗೆ ಇಷ್ಟು ಕುಂದು ಬರಲು ಕಾರಣವಿರಲಿಲ್ಲ. ಹಬ್ಬಿಸುವ ಕೈ ನಮ್ಮದೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಕೈ ನಮ್ಮದಾದರೆ ಹೊಣೆಯೂ ನಮ್ಮದೇ ಎಂದು ಹೇಳುವುದು ಸುಲಭ. ಆದರೆ ಕೋಟ್ಯಂತರ ಕೈಗಳಿರುವಾಗ ನನ್ನ ಪಾಲಿಗೆ ಬರುವ ಹೊಣೆ ಎಷ್ಟು? ಸಮುದ್ರಕ್ಕೆ ಸುರಿದ ಒಂದು ಚಮಚೆ ಉಪ್ಪಿನಷ್ಟೆ ಅಲ್ಲವೆ? ಈ ವಾದವನ್ನು ಪರೀಕ್ಷಿಸಲು ಒಂದು ನಡೆದ ಸಂಗತಿಯನ್ನು ನೋಡೋಣ.

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ 2002ರಲ್ಲಿ ಶಾಲೆಯ ಹುಡುಗನೊಬ್ಬನು ಒಂಟಿಯಾಗಿ, ಕೈಯಲ್ಲೊಂದು ಕೋಲು ಹಿಡಿದು, 'ಸ್ಟಾರ್ ವಾರ್ಸ್' ಚಿತ್ರದ ವೀರರಂತೆ ಕತ್ತಿವರಸೆಯಾಡಿ, ಅದನ್ನು ತಾನೇ ಚಿತ್ರೀಕರಿಸಿಕೊಂಡನು. ಮಕ್ಕಳಾಗಿದ್ದವರು ಯಾರು ತಾನೆ ಕನ್ನಡಿಯ ಮುಂದೆ ವೀರಾವೇಶವನ್ನು ತಾಳಿಲ್ಲ? ಆ ಸುರುಳಿಯು ಸಹಪಾಠಿಗಳ ಕೈಗೆ ಸಿಕ್ಕಿತು. 2003ರಲ್ಲಿ ಅವರು ಅದನ್ನು ಅಂತರ್ಜಾಲಕ್ಕೆ ಏರಿಸಿದರು. ನೋಡಿದವರು ನಕ್ಕರು, ನಕ್ಕವರು ಇತರರಿಗೆ ಕಳುಹಿಸಿದರು. ಕುಶಲರಾದವರು ಕೋಲಿನ ಜಾಗದಲ್ಲಿ ಬೆಳಕಿನ ಕತ್ತಿಯನ್ನಿಟ್ಟರು, ಸಂಗೀತವನ್ನು ಕೂಡಿಸಿದರು. ಯಾರ ಮನಸ್ಸಿನಲ್ಲಿಯೂ ಕೊಲೆಗಾರನ ಕ್ರೌರ್ಯವಿರಲಿಲ್ಲ. ನೂರಾರು ಜನ ಹಣ ಕೂಡಿಸಿ ಆ ಹುಡುಗನಿಗೆ ಉಡುಗೊರೆಯನ್ನೂ ಕಳುಹಿಸಿದರು. ಆದರೆ ಅವನು ಶಾಲೆ ಬಿಡಬೇಕಾಯಿತು, ಮನೋವೈದ್ಯರ ಆರೈಕೆಯಲ್ಲಿರಬೇಕಾಯಿತು. ಪ್ರಾಣ ಬಿಡೆಂದು ತನಗೆ ಹೇಳಿದವರೂ ಇದ್ದರೆಂದು ಹತ್ತು ವರ್ಷಗಳ ಮೇಲೆ, 2013ರಲ್ಲಿ, ಅವನೇ ಬಹಿರಂಗವಾಗಿ ತಿಳಿಸಿದನು. ತಾಯಿತಂದೆಗಳು ಸಹಪಾಠಿಗಳ ಮನೆಯವರ ಮೇಲೆ ಹೂಡಿದ ದಾವೆ 2006ರಲ್ಲಿ ರಾಜಿಯಿಂದ ಮುಗಿಯಿತು. ಮೊದಲು ಏರಿಸಿದ ಕೆಲವರು ನ್ಯಾಯಸ್ಥಾನದ ಬಾಗಿಲನ್ನು ಕಂಡರು. ಆಮೇಲೆ ಹಬ್ಬಿಸಿದ ಲಕ್ಷಾಂತರ ಜನ ತಮ್ಮ ತಮ್ಮ ಮನೆಗಳಲ್ಲಿ ನಿದ್ರಿಸಿದರು.

ಹತ್ತಾಳಿನ ಹುಲ್ಲುಕಡ್ಡಿ ಒಬ್ಬಾಳಿನ ತಲೆಹೊರೆ ಎಂದು ನಮ್ಮಲ್ಲೊಂದು ಗಾದೆಯಿದೆ. ಒಟ್ಟಾಗಿ ದುಡಿಯುವುದರ ಹಿರಿಮೆಯನ್ನು ಹೇಳಲು ಅದನ್ನು ಬಳಸುವುದು ವಾಡಿಕೆ. ಅದನ್ನು ಆ ಒಬ್ಬಾಳಿನ ಕಡೆಯಿಂದ ಒಮ್ಮೆ ನೋಡಬೇಕು. ಕೊಟ್ಟವರಿಗೆ ಅದು ಹುಲ್ಲುಕಡ್ಡಿ, ಹೊತ್ತವನಿಗೆ ತಲೆಹೊರೆ. ಪ್ರತಿಯೊಬ್ಬನೂ ತನ್ನ ಕಡ್ಡಿಯ ತೂಕವನ್ನು ಅಳೆದು ಸಮಾಧಾನಪಟ್ಟರೆ ಕತ್ತು ಮುರಿದವನಿಗೆ ಉತ್ತರ ಕೊಡುವವರಾರು? ಮಾಡಿದವನು, ಮಾಡಿಸಿದವನು, ಪ್ರೇರಿಸಿದವನು, ಅನುಮೋದಿಸಿದವನು ಇವರೆಲ್ಲರೂ ಸುಕೃತದುಷ್ಕೃತಗಳಲ್ಲಿ ಸಮಭಾಗಿಗಳೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ 'ಸಮಭಾಗಿ' ಎಂಬ ಮಾತು ಗಮನಾರ್ಹವಾದುದು. ಆಸ್ತಿಯನ್ನು ಹಂಚಿಕೊಂಡಂತೆ ಪಾಪವನ್ನು ಹಂಚಿಕೊಳ್ಳಲು ಬರುವುದಿಲ್ಲ. ಒಂದು ದೀಪದಿಂದ ನೂರು ದೀಪಗಳನ್ನು ಹೊತ್ತಿಸಿದರೆ ಒಂದೊಂದೂ ಪೂರ್ಣ ದೀಪವೇ ಆಗುವಂತೆ, ನೂರು ಜನ ಸೇರಿ ಮಾಡಿದ ಅನ್ಯಾಯದಲ್ಲಿ ಒಬ್ಬೊಬ್ಬನದೂ ಪೂರ್ಣವಾದ ಹೊಣೆಯೇ.

ಹಿಂದೆಯೂ ಊರುಗಳಲ್ಲಿ ಅಡ್ಡಹೆಸರುಗಳು ಹೀಗೆಯೇ ಹುಟ್ಟುತ್ತಿದ್ದವು. ಮೊದಲು ಇಟ್ಟವನಾರೋ ತಿಳಿಯದು, ಕೇರಿಯೆಲ್ಲ ಕರೆಯುವುದು. ಆದರೆ ಅಡ್ಡಹೆಸರಿಗೆ ಊರಿನ ಗಡಿಯೇ ಗಡಿ. ಹೊಳೆ ದಾಟಿ ಬೇರೆ ಊರಿಗೆ ಹೋದವನು ತಾಯಿತಂದೆ ಇಟ್ಟ ಹೆಸರಿನಿಂದ ಮತ್ತೆ ಬಾಳಬಹುದಾಗಿತ್ತು. ಅಂತರ್ಜಾಲದಲ್ಲಿ ಬೇರೆ ಊರೆಂಬುದೇ ಇಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2014ರ ಮೇ ತಿಂಗಳಲ್ಲಿ, ವ್ಯಕ್ತಿಯೊಬ್ಬನು ತನ್ನ ಹೆಸರಿನೊಂದಿಗೆ ಅಂಟಿಬರುವ ಹಳೆಯ ಸಂಗತಿಗಳನ್ನು ಹುಡುಕಾಟದ ಪಟ್ಟಿಯಿಂದ ತೆಗೆಸಬಹುದೆಂದು ತೀರ್ಪಿತ್ತಿತು. 2017ರ ಜನವರಿಯಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಒಂದು ಪ್ರಕರಣದಲ್ಲಿ, ಮರೆಯಲ್ಪಡುವ ಈ ಹಕ್ಕನ್ನು ಸ್ಮರಿಸಿ, ಮಹಿಳೆಯೊಬ್ಬರ ಹೆಸರನ್ನು ಮರೆಮಾಡಲು ಆಜ್ಞೆಮಾಡಿತು. ನ್ಯಾಯಾಲಯಗಳು ಹೀಗೆ ಒಂದು 'ಬೇರೆ ಊರ'ನ್ನು ಕಟ್ಟಿಕೊಡಲು ಪ್ರಯತ್ನಿಸುತ್ತಿವೆ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಹೊಣೆಯೆಲ್ಲ ಮೊದಲು ಸೃಷ್ಟಿಸಿದವನದೆಂದು ಹೇಳಿ ತಪ್ಪಿಸಿಕೊಳ್ಳುವ ಮಾರ್ಗ ಇನ್ನೊಂದುಂಟು. ಅದೂ ನಿಲ್ಲುವಂಥದಲ್ಲ. ಅಮೆರಿಕದ ಚಿತ್ರಕಾರ ಮ್ಯಾಟ್ ಫ್ಯೂರಿಯವರು 2005ರಲ್ಲಿ ತಮ್ಮ ಚಿತ್ರಕಥೆಯೊಂದರಲ್ಲಿ ಪೆಪೆ ಎಂಬ ಸೋಮಾರಿ ಕಪ್ಪೆಯನ್ನು ಬರೆದರು. ಕೆಲವು ವರ್ಷಗಳಲ್ಲಿ ಅದು ಫೋರ್‌ಚಾನ್ ಎಂಬ, ಹೆಸರಿಲ್ಲದೆ ಬರೆಯಬಹುದಾದ ತಾಣವನ್ನು ಸೇರಿತು. ಹಳೆಯ ಬರಹಗಳು ಹೊಸವುಗಳ ಒತ್ತಡದಿಂದ ಅಳಿಸಿಹೋಗುವುದು ಅಲ್ಲಿನ ಕ್ರಮವಾದುದರಿಂದ, ಯಾವುದನ್ನು ಜನ ನೆನಪಿಟ್ಟು ಮತ್ತೆ ಮತ್ತೆ ತರುವರೋ ಅದು ಮಾತ್ರ ಬದುಕುತ್ತಿತ್ತು. ಕಪ್ಪೆ ಬದುಕಿತು, ಅಳುವ ಕಪ್ಪೆ, ನಗುವ ಕಪ್ಪೆ, ಮುನಿದ ಕಪ್ಪೆ ಎಂದು ಅಸಂಖ್ಯ ಅವತಾರಗಳನ್ನು ತಾಳಿತು. 2016ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಗದ್ದಲದಲ್ಲಿ ವರ್ಣದ್ವೇಷಿಗಳು ಆ ಕಪ್ಪೆಗೆ ತಮ್ಮ ಲಾಂಛನಗಳನ್ನು ತೊಡಿಸಿದರು. ಯೆಹೂದ್ಯರ ರಕ್ಷಣೆಗಾಗಿ ದುಡಿಯುವ ಅಲ್ಲಿನ ಒಂದು ಸಂಸ್ಥೆ ಅದನ್ನು ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸಬೇಕಾಯಿತು. ಮನನೊಂದ ಫ್ಯೂರಿಯವರು 2017ರಲ್ಲಿ ತಮ್ಮ ಕಪ್ಪೆ ಸತ್ತಂತೆ ಚಿತ್ರವೊಂದನ್ನು ಬರೆದರು. ಆದರೆ ಕಪ್ಪೆ ಸಾಯಲಿಲ್ಲ. 2019ರಲ್ಲಿ ಹಾಂಗ್‌ಕಾಂಗಿನ ತರುಣರು ಪ್ರಜಾಸತ್ತೆಗಾಗಿ ಬೀದಿಗಿಳಿದಾಗ ಅದೇ ಕಪ್ಪೆಯ ಮುಖ ಅವರ ಭಿತ್ತಿಪತ್ರಗಳಲ್ಲಿ ಸ್ನೇಹದ ಚಿಹ್ನೆಯಾಗಿ ಮೂಡಿತು. ಈ ಕಥೆಯಲ್ಲಿ ದ್ವೇಷದ ಕಪ್ಪೆಯನ್ನು ಮಾಡಿದವರು ಯಾರು, ಸ್ನೇಹದ ಕಪ್ಪೆಯನ್ನು ಮಾಡಿದವರು ಯಾರು? ಮೊದಲು ಬರೆದ ಚಿತ್ರಕಾರರಂತೂ ಅಲ್ಲ. ಆಯಾ ಕಾಲದಲ್ಲಿ ಆಯಾ ಉದ್ದೇಶದಿಂದ ಅದನ್ನು ಕೈಗೆತ್ತಿಕೊಂಡವರೇ ಅದರ ಕರ್ತೃಗಳು. ಒಡೆಯನಿಲ್ಲದ ಹಾಸ್ಯವು ಯಾರ ಕೈಯಲ್ಲಿದೆಯೋ ಆ ಕ್ಷಣಕ್ಕೆ ಅವರೇ ಅದಕ್ಕೆ ಒಡೆಯರು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ನಗುವ ಮೊದಲು ಧರ್ಮಶಾಸ್ತ್ರವನ್ನು ಬಿಚ್ಚಿ ನೋಡಬೇಕಾದರೆ ನಗೆ ಉಳಿಯುವುದೆ? ಹೊಣೆಗಾರಿಕೆಯ ಮಾತನ್ನು ಹಿಡಿದುಕೊಂಡು ಅಧಿಕಾರಿಗಳು ಜನರ ಬಾಯಿಗೆ ಬೀಗ ಹಾಕಲಾರರೆ? ಈ ಭಯ ನಿರಾಧಾರವಾದುದಲ್ಲ. 2012ರ ಏಪ್ರಿಲಿನಲ್ಲಿ ಕಲ್ಕತ್ತೆಯ ಜಾಧವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರನ್ನು ಪೊಲೀಸರು ಬಂಧಿಸಿದರು. ಸತ್ಯಜಿತ್ ರಾಯ್ ಅವರು 1974ರಲ್ಲಿ ತೆಗೆದ 'ಸೋನಾರ್ ಕೆಲ್ಲಾ' ಎಂಬ ಚಲನಚಿತ್ರದ ಮಾತುಗಳನ್ನು ಬಳಸಿ ಆಗಿನ ಮುಖ್ಯಮಂತ್ರಿಗಳನ್ನು ಹಾಸ್ಯಮಾಡಿದ್ದ ಚಿತ್ರವನ್ನು ಅವರು ಇತರರಿಗೆ ಕಳುಹಿಸಿದ್ದೇ ಅಪರಾಧವೆನಿಸಿತು. ಅವರ ಮೇಲೆ ಹೊರಿಸಿದ ಕಾಯಿದೆಯ 66ಎ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಸಂವಿಧಾನವಿರುದ್ಧವೆಂದು ರದ್ದುಮಾಡಿತು. ಆದರೂ ಆ ಪ್ರಾಧ್ಯಾಪಕರಿಗೆ ಮೊಕದ್ದಮೆಯಿಂದ ಪೂರ್ಣ ಬಿಡುಗಡೆ ದೊರೆತದ್ದು 2023ರಲ್ಲಿ.

ಆದರೆ ಈ ಉದಾಹರಣೆ ನಮ್ಮ ವಾದವನ್ನು ಕೆಡಿಸುವುದಕ್ಕೆ ಬದಲಾಗಿ ಪೂರ್ತಿಗೊಳಿಸುತ್ತದೆ. ಕಳುಹಿಸಿದವನು ಹೊಣೆಗಾರನೆಂದರೆ ದಂಡಕ್ಕೆ ಅರ್ಹನೆಂದು ಅರ್ಥವಲ್ಲ. ದಂಡವು ರಾಜ್ಯದ ಮಾತು. ಹೊಣೆ ಅಂತಃಕರಣದ ಮಾತು. ಬಲವುಳ್ಳವರನ್ನು ಕುರಿತು ನಕ್ಕ ನಗೆಯನ್ನು ಧೈರ್ಯದಿಂದ ದಾಟಿಸಿದವನು ಆ ಧೈರ್ಯಕ್ಕೆ ಪಾಲುಗಾರನಾಗುತ್ತಾನೆ. ಹೊಣೆಯೆಂಬುದು ನಿಂದೆಯನ್ನು ಮಾತ್ರ ತರುವ ಪದಾರ್ಥವಲ್ಲ, ಕೀರ್ತಿಯನ್ನೂ ತರುತ್ತದೆ. ಮುಖ್ಯಮಂತ್ರಿಯನ್ನು ಕುರಿತ ಹಾಸ್ಯಕ್ಕೂ ಕೋಲು ತಿರುಗಿಸಿದ ಹುಡುಗನನ್ನು ಕುರಿತ ಹಾಸ್ಯಕ್ಕೂ ಇರುವ ಅಂತರ ಇದೇ. ಅವರಿಗೆ ವೇದಿಕೆಯುಂಟು, ಪತ್ರಿಕೆಗಳುಂಟು, ಉತ್ತರ ಕೊಡುವ ಬಾಯಿಯುಂಟು. ಹುಡುಗನಿಗೆ ಏನಿತ್ತು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಇಂಥ ಸ್ಥಳಕ್ಕಾಗಿಯೇ ಹುಟ್ಟಿದ ಗಾದೆ.

ಯಾರನ್ನೂ ನೋಯಿಸದ ನಗೆಗೂ ಅಂತರ್ಜಾಲದಲ್ಲಿ ಬರವಿಲ್ಲ. ಜಪಾನಿನ ಕಬೋಸು ಎಂಬ ಹೆಣ್ಣುನಾಯಿಯ ಓರೆನೋಟದ ಒಂದು ಚಿತ್ರ, ಅದರ ಯಜಮಾನಿಯು 2010ರಲ್ಲಿ ಪ್ರಕಟಿಸಿದ್ದು, ಜಗತ್ತನ್ನೆಲ್ಲ ಹತ್ತು ಹನ್ನೆರಡು ವರ್ಷ ನಗಿಸಿತು. 2024ರ ಮೇ ತಿಂಗಳಲ್ಲಿ ಅದು ಸತ್ತಾಗ ಅದನ್ನು ಎಂದೂ ಕಾಣದ ಜನರು ದೇಶದೇಶಗಳಲ್ಲಿ ಮರುಗಿದರು. ಭಾಷೆ ಬೇರೆ, ಮತ ಬೇರೆ, ಆಹಾರ ಬೇರೆಯಾದ ಜನ ಒಂದು ನಾಯಿಯ ಮುಖವನ್ನು ನೋಡಿ ಏಕಕಾಲದಲ್ಲಿ ನಗಬಲ್ಲರೆಂಬುದು ಸಾಮಾನ್ಯ ಭಾಗ್ಯವಲ್ಲ. ಇದನ್ನು ಕಳೆದುಕೊಳ್ಳಬೇಕೆಂದು ಯಾವ ವಿವೇಕಿಯೂ ಹೇಳನು.

ಹಾಗಾದರೆ ವಿವೇಕ ಯಾವುದು? ಭರತಮುನಿಯು ನಗೆಯಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಮೆಟ್ಟಿಲುಗಳನ್ನು ಹೇಳಿ ಅವುಗಳನ್ನು ಉತ್ತಮ, ಮಧ್ಯಮ, ಅಧಮರೆಂಬ ಮೂವರಿಗೆ ಎರಡೆರಡಾಗಿ ಹಂಚಿದ್ದಾನೆ. ಅಧಮರ ನಗೆಯಾದ ಅಪಹಸಿತದ ಲಕ್ಷಣಗಳಲ್ಲಿ ಒಂದು, ಅದು ಅಸ್ಥಾನದಲ್ಲಿ ಹುಟ್ಟುವುದು. ಈ ಒಂದು ಮಾತಿನಲ್ಲಿ ನಮ್ಮ ಕಾಲದ ಕಷ್ಟವೆಲ್ಲ ಅಡಗಿದೆ. ಗೆಳೆಯರ ಕೂಟದಲ್ಲಿ ಆಡಿದ ಮಾತಿಗೆ ಅಲ್ಲಿ ಸ್ಥಾನವುಂಟು. ಅದೇ ಮಾತು ಅಪರಿಚಿತರ ನಡುವೆ ಹೋಗಿ ಬಿದ್ದರೆ ಸ್ಥಾನ ತಪ್ಪುತ್ತದೆ. ಗಣಕಯಂತ್ರಗಳ ಮೂಲಕ ಪತ್ರವ್ಯವಹಾರ ಮಾಡುತ್ತಿದ್ದ ಮೊದಲಿಗರೇ ಇದನ್ನು ಅನುಭವಿಸಿದರು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ವಿನೋದದ ಮಾತನ್ನು ನಿಜವೆಂದು ತಿಳಿದು ಜನ ಗಾಬರಿಪಡುತ್ತಿದ್ದುದನ್ನು ಕಂಡು, ಅಲ್ಲಿನ ಸ್ಕಾಟ್ ಫಾಲ್ಮನ್ ಅವರು 1982ರ ಸೆಪ್ಟೆಂಬರ್ 19ರಂದು, ಎರಡು ಚುಕ್ಕಿ, ಒಂದು ಅಡ್ಡಗೆರೆ, ಒಂದು ಆವರಣಚಿಹ್ನೆ ಇವುಗಳಿಂದ ನಗುಮುಖವನ್ನು ಸೂಚಿಸಬೇಕೆಂದು ಸಲಹೆ ಮಾಡಿದರು. ನಗಿಸುವವನ ಮುಖಕ್ಕೆ ಹೀಗೆ ಮೂರು ಗುರುತುಗಳು ದೊರೆತವು. ಯಾರನ್ನು ಕುರಿತು ನಗುತ್ತೇವೆಯೋ ಅವನ ಮುಖಕ್ಕೆ ಇಂದಿಗೂ ಗುರುತಿಲ್ಲ. ಎದುರಿನವನ ತುಟಿ ನಡುಗಿದ್ದನ್ನು ಕಂಡರೆ ಒರಟನೂ ತನ್ನ ಪರಿಹಾಸವನ್ನು ಅರ್ಧಕ್ಕೆ ನಿಲ್ಲಿಸುವನು. ಜಾಲದಲ್ಲಿ ಆ ತುಟಿ ಕಾಣುವುದಿಲ್ಲ. ಕಾಣದ್ದನ್ನು ಕಲ್ಪಿಸಿಕೊಳ್ಳುವ ಕೆಲಸ ನಮ್ಮ ಮೇಲೆಯೇ ಬಿದ್ದಿದೆ.

ಇದಕ್ಕೆ ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಒಂದು ನಗೆಚಿತ್ರ ಕೈಗೆ ಬಂದಾಗ, ಮುಂದಕ್ಕೆ ಸಾಗಿಸುವ ಮೊದಲು ಮನಸ್ಸಿನಲ್ಲಿಯೇ ಅದರ ಕೆಳಗೆ ತನ್ನ ಹೆಸರನ್ನು ಬರೆದು ನೋಡಿಕೊಂಡರೆ ಸಾಕು. ಇದರೊಳಗೆ ಇರುವವನು ನಮ್ಮ ಜಗಲಿಯ ಮೇಲೆ ಬಂದು ಕುಳಿತಿದ್ದಾನೆಂದೂ, ಇದನ್ನು ಹೇಳುತ್ತಿರುವವರು ನಾವೇ ಎಂದೂ ಭಾವಿಸಿಕೊಳ್ಳೋಣ. ಆಗಲೂ ಹೇಳಬಹುದಾದ ಮಾತಾದರೆ ಧಾರಾಳವಾಗಿ ಹೇಳೋಣ. ಅವನೂ ಕೂಡಿ ನಕ್ಕಾನು. ಅವನು ಪ್ರಬಲನಾಗಿದ್ದು ಮುನಿದರೆ ಮುನಿಯಲಿ, ಹೆಸರಿಟ್ಟು ಹೇಳಿದ ನಗೆಗೆ ಅಳುಕಬೇಕಾದುದಿಲ್ಲ. ನಾಲಗೆ ತಡವರಿಸಿದರೆ ಆ ಚಿತ್ರ ನಮ್ಮ ಕೈಯಲ್ಲಿಯೇ ನಿಲ್ಲಲಿ. ಕೋಟಿ ಜನ ಕಳುಹಿಸುವಾಗ ನಾನೊಬ್ಬನು ನಿಲ್ಲಿಸಿದರೆ ಏನಾದೀತು ಎಂದು ಕೇಳಬಹುದು. ಹೊರೆ ಹೊತ್ತವನ ತಲೆಯಿಂದ ಒಂದು ಕಡ್ಡಿ ಇಳಿಯುತ್ತದೆ. ಅದು ನಮ್ಮ ಕಡ್ಡಿ. ನಮ್ಮ ಹಿಂದಿನವರು ಒಡೆಯನಿಲ್ಲದ ನಗೆಗೆ ತೆನಾಲಿ ರಾಮಕೃಷ್ಣನ ಹೆಸರಿಟ್ಟು ಅದನ್ನು ಮನೆಗೆ ಸೇರಿಸಿಕೊಂಡರು. ನಮಗೆ ರಾಮಕೃಷ್ಣನ ಹೆಸರು ಬೇಕಾಗಿಲ್ಲ. ನಮ್ಮ ನಮ್ಮ ಹೆಸರನ್ನು ಇಡುವಷ್ಟು ಧೈರ್ಯ ಬಂದರೆ ಸಾಕು.